ದಾಕ್ಷಾಯಣಮ್ಮನ ಸಹಾಯಾರ್ಥ ಬೈಗುಳ

ಸೀರೆ ಉಟ್ಟು ರಂಗಕ್ಕೆ ಬರಬೇಕೆನ್ನುವ ಹುಡುಗರು ಈಗಲೂ ಒಮ್ಮೊಮ್ಮೆ ದಾವಣಗೆರೆಯ ಎಂ.ಸಿ.ಸಿ. ‘ಎ’ ಬ್ಲಾಕಿನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು ಮೇಕಪ್ಪಿನ ಬಗ್ಗೆ. ಗಡ್ಡದ ಹಸಿರು ಕಾಣದಂತೆ ಏನು ಬಳಿಯಬೇಕು, ಬೆವರಿಗೆ ಇಳಿಯದ ಕಾಡಿಗೆ ಯಾವುದು. ಅದೆಲ್ಲ ನಿಮ್ಮ ಫೋನಿನಲ್ಲೇ ಇದೆಯಲ್ಲಪ್ಪ ಅನ್ನುತ್ತೇನೆ. ಫೋನಿನಲ್ಲಿ ಇಲ್ಲದ ಒಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಪೂರ್ತಿ ವೇಷದಲ್ಲಿದ್ದಾಗ ಒಂದಕ್ಕೆ ಬಂದರೆ ಎಲ್ಲಿಗೆ ಹೋಗಬೇಕು? ಗಂಡಸರ ಕಡೆ ಹೋದರೆ ಒಳಗಿದ್ದ ಗಂಡಸರು ಗಾಬರಿಯಾಗಿ ಅರ್ಧಕ್ಕೇ ಓಡುತ್ತಾರೆ. ಹೆಂಗಸರ ಕಡೆ ಹೋದರೆ ಅವರೇ ನಮ್ಮನ್ನು ಓಡಿಸುತ್ತಾರೆ. ಆದ್ದರಿಂದ ಮಧ್ಯಾಹ್ನದ ಮೇಲೆ ನೀರು ಕುಡಿಯಬೇಡಿ. ನಲವತ್ತು ವರ್ಷದ ಹತ್ತಿರ ಹತ್ತಿರ ನಾನು ಕಲಿತ ವಿದ್ಯೆಯ ಮೊದಲ ಪಾಠ ಇದು. ಸನ್ಮಾನಪತ್ರಗಳಲ್ಲಿ ಇದನ್ನು ‘ಕಠಿಣ ತಪಸ್ಸು’ ಎಂದು ಬರೆದಿರುತ್ತಾರೆ.

ಸನ್ಮಾನಪತ್ರದ ಮಾತು ಬಂದದ್ದಕ್ಕೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ‘ಕೊಟ್ರೇಶಪ್ಪನವರು ಕಲೆಗಾಗಿ ಬದುಕನ್ನೇ ಮುಡಿಪಿಟ್ಟರು’ ಎಂದು ನಮ್ಮ ಗೋಡೆಯ ಮೇಲೆ ನಾಲ್ಕಾರು ಕಡೆ ಗಾಜಿನ ಹಿಂದೆ ಬರೆದಿದೆ. ನಿಜವಾಗಿ ಮುಡಿಪಾದದ್ದು ನನ್ನ ಹೆಂಡತಿ ಗಿರಿಜೆಯ ನರ್ಸ್ ಸಂಬಳ, ಮತ್ತು ಆಕೆಯ ಒಳ್ಳೆಯ ಸೀರೆಗಳು. “ನನ್ನ ಸೀರೆ ನನಗಿಂತ ನಿಮಗೇ ಚೆನ್ನಾಗಿ ಕಾಣ್ತಾವಂತೆ, ಓಣ್ಯಾಗೆ ಅಂತಾರೆ” ಎಂದು ಆಕೆ ಒಮ್ಮೆ ಹೇಳಿದಳು. ಅದು ಹೊಗಳಿಕೆಯೋ ತಕರಾರೋ ಇವತ್ತಿಗೂ ನನಗೆ ಗೊತ್ತಿಲ್ಲ.

ನಾನು ಹರಿಹರ ತಾಲ್ಲೂಕಿನ ಸಾರಥಿಯವನು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಕೈಕೊಟ್ಟ ಮೇಲೆ ದಾವಣಗೆರೆಯಲ್ಲಿ ಟೆಂಟು ಹಾಕಿದ್ದ ನಾಟಕ ಕಂಪನಿಯಲ್ಲಿ ಪರದೆ ಎಳೆಯುವ ಕೆಲಸಕ್ಕೆ ಸೇರಿದೆ. ಆ ಕಂಪನಿಯಲ್ಲಿ ಗಯ್ಯಾಳಿ ಅತ್ತೆಯ ಪಾತ್ರ ಮಾಡುತ್ತಿದ್ದ ನಟಿಯೊಬ್ಬರು ಸಂಬಳದ ಜಗಳ ಮಾಡಿಕೊಂಡು, ಆಟದ ದಿನವೇ ಹುಬ್ಬಳ್ಳಿ ಬಸ್ಸು ಹತ್ತಿಬಿಟ್ಟರು. ಮಾಲೀಕರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಖ ನೋಡಿದರು. ಮೀಸೆ ಎಂದು ಕರೆಯಬಹುದಾದಂಥದ್ದು ಇಲ್ಲದವನು ನಾನೊಬ್ಬನೇ. ಸೀರೆ ಉಡಿಸುವಾಗ ನನಗೆ ಅಳು ಬಂತು.

“ಅಳಬ್ಯಾಡ್ಲೇ” ಅಂದರು ಮಾಲೀಕರು. “ಅಳೋ ಪಾರ್ಟು ಸೊಸೇದು. ನಿಂದು ಬಯ್ಯೋ ಪಾರ್ಟು.”

ನನ್ನ ವೃತ್ತಿಜೀವನದ ಒಟ್ಟು ಸಾರಾಂಶ ಆ ಮಾತಿನಲ್ಲೇ ಇತ್ತು ಅಂತ ಆಗ ಗೊತ್ತಿರಲಿಲ್ಲ.

ಮಾಲೀಕರು ಕೆಟ್ಟ ಬಾಯಿಯ ಒಳ್ಳೆಯ ಗುರು. ಕನ್ನಡಿ ಮುಂದೆ ಸೊಂಟ ಬಳುಕಿಸುತ್ತಿದ್ದ ನನ್ನನ್ನು ನೋಡಿ, “ಯಾವ ಹೆಂಗಸು ಲೇ ಹಂಗೆ ನಡೀತಾಳೆ? ನಿಮ್ಮವ್ವ ನಡೀತಾಳಾ?” ಎಂದು ಕೇಳಿದರು. ಬೆಳಿಗ್ಗೆ ಸಂತೆಗೆ ಕಳಿಸಿದರು. “ಹೆಂಗಸರನ್ನ ನೋಡು. ಸುಮ್ನೆ ನಿಂತು ನೋಡಬ್ಯಾಡ, ಒದೆ ತಿಂತೀಯ. ಕೈಯಾಗೆ ತರಕಾರಿ ಚೀಲ ಇರ್ಲಿ.” ಹಾಗೆ ಚೀಲ ಹಿಡಿದು ನೋಡಿದ ಮೇಲೆ ಒಂದು ತಿಳಿಯಿತು. ಗಂಡಸಿಗೆ ಸಿಟ್ಟು ಬಂದರೆ ದನಿ ಏರಿಸುತ್ತಾನೆ. ನಮ್ಮ ಕಡೆಯ ಹೆಂಗಸಿಗೆ ನಿಜವಾದ ಸಿಟ್ಟು ಬಂದರೆ ದನಿ ಇಳಿಸುತ್ತಾಳೆ, ಇಳಿಸಿ ಕೊನೆಗೊಂದು ‘ರಿ’ ಸೇರಿಸುತ್ತಾಳೆ. “ಹಂಗೇನ್ರಿ?” ಎಂದು ಮೆತ್ತಗೆ ಕೇಳಿದಳು ಅಂದರೆ ಎದುರಿಗಿದ್ದವನ ಕಥೆ ಮುಗಿಯಿತು. ಆ ‘ರಿ’ಯಿಂದ ನಾನು ದಾಕ್ಷಾಯಣಮ್ಮನನ್ನು ಕಟ್ಟಿದೆ. ದೊಡ್ಡ ಕುಂಕುಮ, ಉದ್ದ ಚೌರಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೆತ್ತನೆಯ ದನಿ. ನಾಟಕ ಬದಲಾದರೂ ಆಕೆ ಬದಲಾಗಲಿಲ್ಲ. ಜನ ನಾಟಕದ ಹೆಸರು ಮರೆತು, ‘ಇವತ್ತು ದಾಕ್ಷಾಯಣಮ್ಮ ಅದಾಳಾ’ ಎಂದು ಕೇಳಿ ಟಿಕೆಟ್ ಕೊಳ್ಳತೊಡಗಿದರು.

ಮುಂದೆ ಕಂಪನಿ ಮುಚ್ಚಿತು. ಮಾಲೀಕರು ಟಿವಿಯನ್ನು ಬೈದರು, ಟಿವಿಯವರಿಗೆ ಅದು ಕೇಳಿಸಲಿಲ್ಲ. ಟೆಂಟಿನ ಬಟ್ಟೆ ಮದುವೆ ಶಾಮಿಯಾನದವರ ಪಾಲಾಯಿತು. ನಾವು ಚದುರಿದೆವು. ಅಷ್ಟರಲ್ಲಿ ನಮ್ಮ ತಬಲಾದ ಖಾಸಿಂ ಸಾಬರು ಬಸ್ಸಿನಿಂದ ಇಳಿಯುವಾಗ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಆಪರೇಷನ್ ಆಗಬೇಕು. ಹಳೆಯ ಕಂಪನಿಯವರೆಲ್ಲ ಸೇರಿ ಒಂದು ಕಲ್ಯಾಣ ಮಂಟಪ ಹಿಡಿದು ಸಹಾಯಾರ್ಥ ನಾಟಕ ಇಟ್ಟೆವು.

ಸಹಾಯಾರ್ಥ ನಾಟಕ ಅಂದರೆ ಮೊದಲು ಸಭೆ. ಸಭೆ ಅಂದರೆ ಭಾಷಣ. ಅವತ್ತಿನ ಮುಖ್ಯ ಅತಿಥಿ ‘ಕೊನೆಯದಾಗಿ ಒಂದು ಮಾತು’ ಎಂದು ಶುರು ಮಾಡಿ ಆ ಕೊನೆಯನ್ನು ಮೂರು ಸಲ ದಾಟಿದ್ದರು. ಹಿಂದಿನ ಸಾಲಿನವರು ಎದ್ದು ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಕಡೆ ಹೊರಟಿದ್ದರು. ನಾನು ಪರದೆಯ ಹಿಂದೆ ವೇಷ ಕಟ್ಟಿ ನಿಂತವನು, ಮುಂದೆ ಬಂದು ಅವರ ಕೈಯಿಂದ ಮೈಕು ತೆಗೆದುಕೊಂಡೆ. ತೆಗೆದುಕೊಂಡದ್ದು ಕೊಟ್ರೇಶನಲ್ಲ, ಅವನಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

“ಸ್ವಾಮೇರ, ಮುರಿದಿದ್ದು ಖಾಸಿಂ ಸಾಬ್ರ ಕೈ. ನಮ್ಮ ಕಿವಿ ಯಾಕೆ ಮುರೀತೀರ್ರಿ?” ಅಂದಳು ದಾಕ್ಷಾಯಣಮ್ಮ.

ಹೊರಟವರು ಬಾಗಿಲಲ್ಲೇ ನಿಂತರು. ಅತಿಥಿಗಳು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಜನರ ಮುಖ ನೋಡಿ, ಜನ ನಗುತ್ತಿದ್ದುದರಿಂದ ತಾವೂ ನಕ್ಕರು. ಆಮೇಲೆ ಆಕೆ ವೇದಿಕೆ ಇಳಿದು, ಮುಂದಿನ ಸಾಲಿಗೆ ಸೆರಗೊಡ್ಡಿ ನಿಂತಳು. ಒಬ್ಬೊಬ್ಬರಿಗೂ ಒಂದೊಂದು ಬೈಗುಳ. ಬಟ್ಟೆ ಅಂಗಡಿಯವರಿಗೆ, “ನಿಮ್ಮ ಅಂಗಡಿ ಸೀರೆ ಇದು. ಒಂದು ಸಲ ಒಗೆದೀನಿ, ನಮ್ಮನೆಯೋರ ಬನೀನಿಗೆಲ್ಲ ಬಣ್ಣ ಕೂತೈತೆ. ಬನೀನಿನ ರೊಕ್ಕ ಹಾಕ್ರಿ.” ಡಾಕ್ಟರಿಗೆ, “ಮೆತ್ತಗೆ ಕೆಮ್ಮಿದ್ರೆ ಸ್ಕ್ಯಾನ್ ಬರೀತೀರಿ. ಜೋರಾಗಿ ಬೈತೀನಿ, ಏನ್ ಬರೀತೀರಿ ನೋಡಾಣ.” ಬೈಸಿಕೊಂಡವರೆಲ್ಲ ಸೆರಗಿಗೆ ಹಾಕಿದರು. ಹಿಂದಿನಿಂದ ಒಬ್ಬರು ಎದ್ದು, “ಅಮ್ಮ, ನಮ್ಮನ್ನ ಬೈಲೇ ಇಲ್ಲ” ಎಂದು ಕೂಗಿದರು. ಆಪರೇಷನ್ ಆಯಿತು. ಖಾಸಿಂ ಸಾಬರು ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿ, “ನೋಡು ಕೊಟ್ರೇಶಣ್ಣ, ನನ್ನ ಕೈ ಮುರೀತು, ನಿನ್ನ ನಸೀಬು ಕೂಡಿಕೊಂತು” ಅಂದರು.

ಅಲ್ಲಿಂದ ಮುಂದೆ ಅದೇ ನನ್ನ ಉದ್ಯೋಗವಾಯಿತು. ಯಾರದೋ ಹೃದಯದ ಆಪರೇಷನ್, ಯಾವುದೋ ಊರಿನ ಶಾಲೆಯ ಚಾವಣಿ, ಬೆಂಕಿ ಬಿದ್ದ ಓಣಿ, ಎಲ್ಲದಕ್ಕೂ ದಾಕ್ಷಾಯಣಮ್ಮ. ಹುಡುಗರಿಗೆ ಈ ಕೆಲಸದ ಒಂದೇ ಒಂದು ನಿಯಮ ಹೇಳಿಕೊಡುತ್ತೇನೆ. ಮನುಷ್ಯನಿಗೆ ದೇವರು ಕೊಟ್ಟದ್ದನ್ನು ಬಯ್ಯಬೇಡಿ, ಅವನು ತಾನೇ ಮೆರೆಸಿಕೊಂಡದ್ದನ್ನು ಬಯ್ಯಿರಿ. ಬೋಳುತಲೆ ಬಿಡಿ, ಅದರ ಮೇಲೆ ಇಟ್ಟುಕೊಂಡ ಪೇಟವನ್ನು ಹಿಡಿಯಿರಿ. ಬಡವನನ್ನು ಬೈದು ನಗಿಸುವವನು ಹಾಸ್ಯಗಾರನಲ್ಲ, ಸಾಹುಕಾರರ ಮನೆಯ ನೌಕರ.

ನಿಯಮ ಗೊತ್ತಿದ್ದರೂ ಎಡವಟ್ಟು ತಪ್ಪುವುದಿಲ್ಲ. ನಂದಿಗುಡಿಯಲ್ಲಿ ಶಾಲೆಯ ಕಾಂಪೌಂಡಿಗೆ ಆಟ ಇಟ್ಟಿದ್ದರು. ‘ಬಲಗಡೆ ತುದೀಲಿ ಬಿಳಿ ಪಂಚೆ, ಅವರೇ ಅಕ್ಕಿ ಗಿರಣಿ ಮಾಲೀಕರು, ಅವರನ್ನ ಚೆನ್ನಾಗಿ ಹಿಡೀರಿ’ ಎಂದು ಸಂಘಟಕರು ಗುಟ್ಟಾಗಿ ಹೇಳಿದ್ದರು. ಆದರೆ ಆಟಕ್ಕೆ ಮೊದಲು ಯಾರೋ ಫ್ಯಾನಿನ ಗಾಳಿಗೆ ಕುರ್ಚಿ ಬದಲಿಸಿದ್ದರು. ನಾನು ಬಲತುದಿಯ ಬಿಳಿ ಪಂಚೆಯನ್ನು ಹಿಡಿದು, ಗಿರಣಿ, ತೌಡು, ತೂಕ, ನುಚ್ಚು ಎಲ್ಲವನ್ನೂ ಬಿಡಿಸಿ ಬಿಡಿಸಿ ಬೈದೆ. ಜನ ಬಿದ್ದು ಬಿದ್ದು ನಕ್ಕರು, ನಾನು ನನ್ನ ಚಾತುರ್ಯಕ್ಕೆ ಎಂದುಕೊಂಡೆ. ಆ ಪಂಚೆಯವರು ಆಸ್ಪತ್ರೆಯಿಂದ ರಿಟೈರಾದ ಕಾಂಪೌಂಡರ್. ಆಟ ಮುಗಿದ ಮೇಲೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನನಗೆ ಒಂದು ಗುಂಟೆ ಗದ್ದೆ ಇಲ್ಲಮ್ಮ. ನೀವು ಇಷ್ಟು ಮಂದಿ ಎದುರಿಗೆ ನನ್ನ ಗಿರಣಿ ಮಾಲೀಕನ್ನ ಮಾಡಿದ್ರಲ್ಲ, ಸಾಕು” ಎಂದು ಕೈಯಲ್ಲಿದ್ದದ್ದನ್ನು ಸೆರಗಿಗೆ ಹಾಕಿದರು. ನಿಜವಾದ ಗಿರಣಿ ಮಾಲೀಕರು ಮಾತ್ರ, ಊರಿಗೆಲ್ಲ ದೊಡ್ಡವನಾದ ತನ್ನನ್ನು ಬಿಟ್ಟು ಕಾಂಪೌಂಡರನ್ನು ಬೈದಳು ಎಂದು ಮುನಿಸಿಕೊಂಡು, ಏನೂ ಕೊಡದೆ ಎದ್ದುಹೋದರು.

ಇನ್ನು ಮೇಲಧಿಕಾರಿಗಳ ವಿಷಯ. ನಮ್ಮಂಥವರಿಗೆ ಎಂಥ ಮೇಲಧಿಕಾರಿ ಎನ್ನಬಹುದು. ಸೇವಾ ಸಂಘಗಳ ಅಧ್ಯಕ್ಷರಿಗಿಂತ ದೊಡ್ಡ ಮೇಲಧಿಕಾರಿ ದಾವಣಗೆರೆಯಲ್ಲಿ ಯಾರೂ ಇಲ್ಲ. ಅವರಲ್ಲಿ ಗುರುಪಾದಪ್ಪನವರ ಹತ್ತಿರ ನಾನು ಹೆಚ್ಚು ಕೆಲಸ ಮಾಡಿದೆ. ಮಂಡಿಪೇಟೆಯಲ್ಲಿ ದೊಡ್ಡ ಪಾತ್ರೆ ಅಂಗಡಿ, ‘ಬಿ’ ಬ್ಲಾಕಿನಲ್ಲಿ ಮನೆ. ಕೆಟ್ಟ ಮನುಷ್ಯರಲ್ಲ. ದಾನ ಮಾಡುತ್ತಿದ್ದರು, ಮಾಡಿದ್ದು ಬಲಗೈ, ಎಡಗೈ, ಪೇಪರಿನವರು ಎಲ್ಲರಿಗೂ ತಿಳಿಯುವಂತೆ ಮಾಡುತ್ತಿದ್ದರು. ಪಂಚೆಯಲ್ಲಿ ಸಿಕ್ಕರೆ ನನ್ನನ್ನು “ಕೊಟ್ರೇಶಪ್ಪನೋರೇ, ಬರ್ರಿ, ಕೂಡ್ರಿ” ಎಂದು ಕರೆದು ಕಾಫಿ ತರಿಸುವರು. ಅದೇ ನಾನು ಸೀರೆಯಲ್ಲಿದ್ದರೆ ಗುರುತೇ ಸಿಗುತ್ತಿರಲಿಲ್ಲ. ಗ್ರೂಪ್ ಫೋಟೋ ತೆಗೆಯುವಾಗ, “ನೀವು ವೇಷ ಬಿಚ್ಚಿ ಬರ್ರಲ್ಲ, ನಾಳೆ ಪೇಪರಾಗೆ ಬರ್ತೈತೆ” ಅನ್ನುವರು. ಬಿಚ್ಚಿ ಬರುವ ಹೊತ್ತಿಗೆ ಫೋಟೋ ಮುಗಿದಿರುತ್ತಿತ್ತು. ದುಡ್ಡು ಎತ್ತಿದವಳು ದಾಕ್ಷಾಯಣಮ್ಮ, ಫೋಟೋದಲ್ಲಿ ನಿಂತವರು ಗುರುಪಾದಪ್ಪ. ಮಧ್ಯದಲ್ಲಿ ನಾನು, ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಣ್ಣ ಒರೆಸುತ್ತಾ.

ಈ ಗುರುಪಾದಪ್ಪನವರ ಸಂಘದಿಂದಲೇ ಹರಿಹರದಲ್ಲಿ ಆ ಆಟ ಆದದ್ದು. ಇವತ್ತಿಗೂ ಯಾರಾದರೂ ನನ್ನ ಕೆಲಸದ ಬಗ್ಗೆ ಕೇಳಿದರೆ ಮೊದಲು ನೆನಪಾಗುವುದು ಅದೇ.

ಹರಿಹರದಲ್ಲಿ ಕಿವಿ ಕೇಳದ ಮಕ್ಕಳ ಒಂದು ಶಾಲೆ. ಸುತ್ತಲ ಹಳ್ಳಿಗಳಿಂದ ಮಕ್ಕಳನ್ನು ಕರೆತರಲು ವ್ಯಾನ್ ಬೇಕಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ್ದು ಮಕ್ಕಳಿಗೆ ಕೇಳದೆ, ಇಳಿಯಬೇಕಾದಲ್ಲಿ ಇಳಿಯದೆ, ಒಬ್ಬ ಚಿಕ್ಕ ಹುಡುಗಿ ಗೊತ್ತಿಲ್ಲದ ಊರಿನಲ್ಲಿ ಸಂಜೆಯವರೆಗೆ ಕೂತಿದ್ದಳಂತೆ. ಆಮೇಲೆ ಎಷ್ಟೋ ಮನೆಯವರು ಮಕ್ಕಳನ್ನು ಕಳಿಸುವುದನ್ನೇ ಬಿಟ್ಟರು. ವ್ಯಾನ್ ಬರದಿದ್ದರೆ ಶಾಲೆ ನಡೆಯುವುದು ಅನುಮಾನ ಎಂದು ಅಲ್ಲಿನ ಸುಧಾ ಟೀಚರ್ ನನಗೆ ಹೇಳಿದರು.

ಭಾನುವಾರ ಮಧ್ಯಾಹ್ನದ ಆಟ. ವೇದಿಕೆಯ ಹಿಂದೆ ಬ್ಯಾನರ್. ಅದರಲ್ಲಿ ಗುರುಪಾದಪ್ಪನವರ ತೀರಿಹೋದ ತಂದೆಯ ಚಿತ್ರ ಆಳೆತ್ತರ, ಮಕ್ಕಳದ್ದು ಅಂಚೆಚೀಟಿಯಷ್ಟು. ಮುಂದಿನ ಸಾಲುಗಳಲ್ಲಿ ಮಕ್ಕಳನ್ನು ಇಸ್ತ್ರಿ ಮಾಡಿದ ಯೂನಿಫಾರಂನಲ್ಲಿ ಕೂರಿಸಿದ್ದರು, ಫೋಟೋಗೆ ಚೆನ್ನಾಗಿ ಕಾಣಲಿ ಎಂದು. ಒಂದು ವಿಷಯ ಮಾತ್ರ ಸಂಘದವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ದಾಕ್ಷಾಯಣಮ್ಮನ ಬಂಡವಾಳವೆಲ್ಲ ಬಾಯಿ. ಕೇಳದ ಮಕ್ಕಳ ಮುಂದೆ ಆಕೆ ಏನು ಮಾಡಬೇಕು?

ನಾನು ಬೈಯಲು ಶುರು ಮಾಡಿದೆ. ಹಿಂದಿನವರು ನಕ್ಕರು. ಮಕ್ಕಳು ನನ್ನ ತುಟಿಯನ್ನೇ ನೋಡುತ್ತಾ ಕೂತಿದ್ದವು. ಅಂಥ ಮೌನವನ್ನು ನಾನು ಯಾವ ಊರಿನ ಆಟದಲ್ಲೂ ಕಂಡಿರಲಿಲ್ಲ. ಎರಡು ಮಾತಾದ ಮೇಲೆ ನೋಡುತ್ತೇನೆ, ಮಕ್ಕಳ ಕಣ್ಣು ನನ್ನ ಮೇಲಿಲ್ಲ. ಪಕ್ಕದ ಕಂಬದ ಹತ್ತಿರ ಸುಧಾ ಟೀಚರ್ ನಿಂತು ನನ್ನ ಮಾತನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದರು. ದೊಡ್ಡವರ ನಗು ಮುಗಿದ ಮೇಲೆ ಮಕ್ಕಳ ನಗು ಬರುತ್ತಿತ್ತು. ನಾನು ಆಟ ನಿಲ್ಲಿಸಿ ಟೀಚರನ್ನು ಮೇಲಕ್ಕೆ ಕರೆದೆ.

“ಬರ್ರಿ ಟೀಚರಮ್ಮ, ಇಲ್ಲೇ ನನ್ನ ಪಕ್ಕ ನಿಂದ್ರಿ. ನಮ್ಮ ಅಧ್ಯಕ್ಷರ ಶಾಲು ಎಷ್ಟು ದೊಡ್ಡದು ಅಂತ ಹೇಳ್ರಿ ನೋಡಾಣ.”

ಅವರು ಎರಡೂ ಕೈ ಚಾಚಿ, ಸಾಲದೆ ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರು. ಈ ಸಲ ಮಕ್ಕಳೇ ಮೊದಲು ನಕ್ಕರು. ಗುರುಪಾದಪ್ಪನವರಿಗೂ ಖುಷಿಯಾಯಿತು. “ಟೀಚರ್, ಸ್ಟೇಜ್ ಮ್ಯಾಲೆ ಆಡಿದ್ದು ಒಂದೂ ಬಿಡಬ್ಯಾಡ್ರಿ, ಎಲ್ಲಾ ಹೇಳ್ರಿ ಮಕ್ಕಳಿಗೆ” ಎಂದು ಕೂತಲ್ಲಿಂದಲೇ ಕೂಗಿ ಹೇಳಿದರು.

ಆಮೇಲೆ ಸೆರಗೊಡ್ಡುವ ಹೊತ್ತು. ನಾನಿನ್ನೂ ವೇದಿಕೆ ಇಳಿದಿರಲಿಲ್ಲ. ಸಭೆಯ ಹಿಂಬದಿಯಿಂದ ಕೆಲವು ಮಂಗಳಮುಖಿಯರು ಎದ್ದು ನಡುವಿನ ದಾರಿಯಲ್ಲಿ ಮುಂದೆ ಬಂದರು. ಮುಂದಿದ್ದವಳು ರೇಷ್ಮಾ. ಹರಿಹರದ ಅಂಗಡಿ ಬೀದಿಯಲ್ಲಿ ಆಕೆಯನ್ನು ನಾನೂ ನೋಡಿದ್ದೆ, ಮಾತಾಡಿಸಿರಲಿಲ್ಲ. ಕೈಯಲ್ಲಿ ಗಂಟು ಕಟ್ಟಿದ ಕರ್ಚೀಫು. ಅಂಗಡಿ ಅಂಗಡಿ ತಿರುಗಿ ಚಪ್ಪಾಳೆ ತಟ್ಟಿ ಇಸಿದುಕೊಂಡದ್ದರಲ್ಲಿ ಮಕ್ಕಳ ವ್ಯಾನಿಗೆ ಅಂತ ಎತ್ತಿಟ್ಟಿದ್ದರು.

ಗುರುಪಾದಪ್ಪನವರು ಸರಸರ ವೇದಿಕೆ ಹತ್ತಿ ಬಂದರು. ಮೈಕನ್ನು ಅಂಗೈಯಿಂದ ಮುಚ್ಚಿ ನನ್ನ ಕಿವಿಗೆ ಬಾಗಿದರು.

“ಕೊಟ್ರೇಶಪ್ಪ, ಅವರದ್ದು ಇಸ್ಕಬ್ಯಾಡ್ರಿ. ಫ್ಯಾಮಿಲಿಯೋರು ಕುಂತಾರೆ. ಹೊರಗೆ ನಮ್ಮ ಮ್ಯಾನೇಜರ್ ಕೈಗೆ ಕೊಟ್ಟು ಹೋಗ್ಲಿ. ಮೈಕಿನಾಗೆ ಹೆಸರು ಹೇಳಬ್ಯಾಡ್ರಿ ಮತ್ತೆ.”

ಸಭೆಯಲ್ಲಿ ಕಿವಿ ಕೇಳುವ ಯಾರಿಗೂ ಆ ಮಾತು ಕೇಳಿಸಲಿಲ್ಲ. ಆದರೆ ಸುಧಾ ಟೀಚರ್ ನನ್ನ ಪಕ್ಕದಲ್ಲೇ ಇದ್ದರು, ಅವರ ಕೈ ನಿಂತಿರಲಿಲ್ಲ. ಮುಂದಿನ ಸಾಲಿನ ಮಕ್ಕಳೆಲ್ಲ ಒಟ್ಟಿಗೆ ತಿರುಗಿ ರೇಷ್ಮಾಳನ್ನು ನೋಡಿದವು. ಎರಡು ಜಡೆಯ ಒಬ್ಬಳು ಹುಡುಗಿ ಎದ್ದು ನಿಂತು ಕೈಯಾಡಿಸಿ ಏನೋ ಕೇಳಿದಳು.

“ಏನಂತೆ ಟೀಚರಮ್ಮ?” ಅಂದೆ. ಅಷ್ಟರಲ್ಲಿ ಗುರುಪಾದಪ್ಪನವರ ಅಂಗೈ ಮೈಕಿನಿಂದ ಸರಿದಿತ್ತು.

“ಅವರ ರೊಕ್ಕ ಯಾಕೆ ಬ್ಯಾಡ ಅಂತ ಕೇಳ್ತಾಳೆ” ಅಂದರು ಸುಧಾ ಟೀಚರ್. “ಅವರಿಗೆ ಏನಾದ್ರೂ ಜಡ್ಡು ಐತಾ, ನಮಗೆ ಅಂಟ್ತೈತಾ ಅಂತ.”

ಗುರುಪಾದಪ್ಪನವರ ಮುಖ ಕೆಂಪಾಯಿತು. “ಅದನ್ನ ಯಾಕೆ ಹೇಳಾಕೆ ಹೋದ್ರಿ ಮಕ್ಕಳಿಗೆ?”

“ಸ್ಟೇಜ್ ಮ್ಯಾಲೆ ಆಡಿದ್ದು ಒಂದೂ ಬಿಡಬ್ಯಾಡ್ರಿ ಅಂತ ನೀವೇ ಅಂದ್ರಲ್ಲ ಸರ್” ಅಂದರು ಟೀಚರ್. ಹಾಗೆ ಅನ್ನುತ್ತಲೇ ಅದನ್ನೂ ಕೈಯಲ್ಲಿ ಹೇಳಿಬಿಟ್ಟರು. ಮಕ್ಕಳು ನಕ್ಕರು.

ನಡುದಾರಿಯಲ್ಲಿ ರೇಷ್ಮಾ ನಿಂತಿದ್ದಳು. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಆಕೆಯ ಜೊತೆಗಿದ್ದವಳು ಬಾಗಿಲ ಕಡೆ ಕೈ ಎಳೆಯುತ್ತಿದ್ದಳು. ಸಂಘದ ವರ್ಷದ ಆಟಗಳೆಲ್ಲ ಗುರುಪಾದಪ್ಪನವರ ಕೈಯಲ್ಲಿದ್ದವು, ಅದು ಕೊಟ್ರೇಶನಿಗೆ ಚೆನ್ನಾಗಿ ಗೊತ್ತಿತ್ತು. ದಾಕ್ಷಾಯಣಮ್ಮನಿಗೆ ಗೊತ್ತಿರಲಿಲ್ಲ. ಆಕೆ ದನಿ ಇಳಿಸಿದಳು.

“ಹಂಗೇನ್ರಿ, ಗುರುಪಾದಪ್ಪನೋರೇ? ಸೀರೆ ಉಟ್ಟ ಗಂಡಸು ನಾನು. ನಾನು ಸೆರಗೊಡ್ಡಿ ಎತ್ತಿದ್ದು ನಿಮಗೆ ನಡೀತೈತೆ. ಆ ಸೆರಗಿಗೆ ಇವರು ಹಾಕಿದ್ದು ನಡೆಯಂಗಿಲ್ಲೇನ್ರಿ? ನಾಳೆ ನಿಮ್ಮ ಅಂಗಡಿಗೆ ಚೊಂಬು ಕೊಳ್ಳಾಕೆ ಬಂದ್ರೆ ಇವರ ರೊಕ್ಕಕ್ಕೆ ಬ್ಯಾರೆ ಗಲ್ಲಾ ಮಾಡಿಸೀರೇನ್ರಿ?”

ನಾನು ವೇದಿಕೆ ಇಳಿದು ರೇಷ್ಮಾಳ ಮುಂದೆ ಸೆರಗು ಹಿಡಿದೆ. ಆಕೆ ಕರ್ಚೀಫಿನ ಗಂಟು ಬಿಚ್ಚಲು ನೋಡಿದಳು, ಬಿಗಿದ ಗಂಟು ಬಿಚ್ಚಲಿಲ್ಲ, ಗಂಟಿನ ಸಮೇತ ಹಾಕಿದಳು. ಅವರೆಲ್ಲರ ಹೆಸರು ಕೇಳಿಕೊಂಡು ಒಂದೊಂದಾಗಿ ಮೈಕಿನಲ್ಲಿ ಹೇಳಿದೆ. ಆ ಮಕ್ಕಳು ಚಪ್ಪಾಳೆಗೆ ಕೈ ತಟ್ಟುವುದಿಲ್ಲ, ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸುತ್ತವೆ. ಮುಂದಿನ ಸಾಲುಗಳಲ್ಲಿ ಕೈಗಳೆಲ್ಲ ಮೇಲೆದ್ದವು. ಹಿಂದಿನವರು ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಅವರೂ ತಟ್ಟಿದರು. ಗುರುಪಾದಪ್ಪನವರು ಫೋಟೋದವನು ಬಂದದ್ದು ಕಂಡು ನಗುಮುಖ ಮಾಡಿಕೊಂಡರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನೊಬ್ಬ ದೊಡ್ಡ ಮನುಷ್ಯ ಎಂದುಕೊಂಡೇ ಇರುತ್ತಿದ್ದೆ. ಆದರೆ ರೇಷ್ಮಾ ಬಣ್ಣದ ಕೋಣೆಗೆ ಬಂದಳು. ನಾನಾಗಲೇ ಚೌರಿ ಬಿಚ್ಚಿ, ಸೀರೆ ಮಡಚಿಟ್ಟು, ಪ್ಯಾಂಟಿನಲ್ಲಿದ್ದೆ. ಥ್ಯಾಂಕ್ಸ್ ಹೇಳಲು ಬಂದಿರಬೇಕೆಂದು, ‘ಪರವಾಗಿಲ್ಲಮ್ಮ’ ಎನ್ನುವ ಮುಖ ಸಿದ್ಧ ಮಾಡಿಕೊಂಡೆ.

“ಚೆನ್ನಾಗಿ ಮಾತಾಡಿದ್ರಿ ಅಣ್ಣಾ” ಅಂದಳು. “ಆದ್ರೆ ಆಟ ಮುಗಿದ ಮ್ಯಾಲೆ ಹಾಕ್ಕೊಳ್ಳಾಕೆ ನಿಮಗೆ ಪ್ಯಾಂಟು ಐತೆ. ನಮ್ಮದು ಆಟ ಅಲ್ಲ, ಹಂಗಾಗಿ ಮುಗಿಯೋದೂ ಇಲ್ಲ.”

ನಾನು ಸಿದ್ಧ ಮಾಡಿಟ್ಟುಕೊಂಡಿದ್ದ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಬೆಂಚು ತೋರಿಸಿ ಕೂಡಮ್ಮ ಅಂದೆ. ಟೀ ತರಿಸಿದೆ. ಆಕೆಯ ಬಾಯಿ ನನ್ನದಕ್ಕಿಂತ ಹರಿತ ಎಂದು ಟೀ ಮುಗಿಯುವುದರೊಳಗೆ ಗೊತ್ತಾಯಿತು.

ವ್ಯಾನ್ ಬಂತು. ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ ಗುರುಪಾದಪ್ಪನವರ ತಂದೆಯ ಹೆಸರು. ಶಾಲೆಯ ಹೆಸರೂ ಇದೆ, ಸೈಲೆನ್ಸರಿನ ಹತ್ತಿರ ಬಗ್ಗಿ ನೋಡಿದರೆ ಕಾಣುತ್ತದೆ. ಮಕ್ಕಳಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ, ಬಿಟ್ಟುಹೋಗಿದ್ದವರೂ ಮರಳಿ ಬಂದರು. ನನಗೆ ಮಾತ್ರ ಆ ಸಂಘದಿಂದ ಕರೆ ಬರುವುದು ನಿಂತಿತು. ಅಧ್ಯಕ್ಷರು ಅಧ್ಯಕ್ಷರು ಒಂದೇ ಕಡೆ ವಾಕಿಂಗ್ ಹೋಗುವವರಾದ್ದರಿಂದ ಉಳಿದ ಸಂಘಗಳಿಂದಲೂ ನಿಂತಿತು. ಗಿರಿಜೆ ಮಾತ್ರ, “ಹೋಗ್ಲಿ ಬಿಡ್ರಿ, ನನ್ನ ಸೀರೆ ಆದ್ರೂ ಬಾಳಿಕೆ ಬರ್ತಾವೆ” ಅಂದಳು. ಆದರೂ ಅವತ್ತು ಸಂಜೆ ತನ್ನ ಮದುವೆಯ ರೇಷ್ಮೆ ಸೀರೆ ತೆಗೆದು, “ಇದನ್ನ ಉಟ್ಕಂಡು ಹೇಳಬೇಕಿತ್ತು ಆ ಮಾತು” ಎಂದು ನನ್ನ ಮುಂದೆ ಇಟ್ಟಳು.

ದೊಡ್ಡ ಸಂಘಗಳು ಬಿಟ್ಟ ಮೇಲೆ ಆಟೋದವರು, ಹಮಾಲರು, ಓಣಿಯ ಸಂಘಗಳು ಕರೆದವು. ರೇಷ್ಮಾಳನ್ನು ಜೊತೆಗೆ ಕರೆದುಕೊಂಡೆ. ಮೊದಮೊದಲು ನನಗಿಂತ ಮುಂಚೆ ಸ್ವಲ್ಪ ಹೊತ್ತು ಮಾತಾಡುತ್ತಿದ್ದಳು. ಬರಬರುತ್ತಾ ಜನ ನಾನು ಯಾವಾಗ ಬರುತ್ತೇನೆಂದು ಕೇಳುವುದನ್ನು ಬಿಟ್ಟರು. ಮೊಣಕಾಲು ಕೈಕೊಟ್ಟು ನಾನು ನಿಲ್ಲಿಸಬೇಕೆಂದಾಗ ಆಕೆಗೆ, “ದಾಕ್ಷಾಯಣಮ್ಮನ್ನ ನಿನಗೇ ಬಿಟ್ಟು ಹೋಗ್ತೀನಿ” ಅಂದೆ. ಅಪ್ಪ ಆಸ್ತಿ ಕೊಡುವಂಥ ಗತ್ತಿನಲ್ಲೇ ಹೇಳಿದ್ದೆ.

“ಬ್ಯಾಡಣ್ಣ” ಅಂದಳು. “ರೇಷ್ಮಾ ಅನ್ನೋ ಹೆಸರನ್ನ ನಾನು ಭಾಳ ಏಟು ತಿಂದು ಇಟ್ಕಂಡೀನಿ. ಅದನ್ನ ಬಿಟ್ಟು ನಿಮ್ಮ ದಾಕ್ಷಾಯಣಮ್ಮನ ಹೆಸರು ಯಾಕೆ ಹೊರ್ಲಿ?”

ಈಗಿನ ಪದ್ಧತಿ ಬೇರೆ. ಸೆರಗೊಡ್ಡುವ ಜಾಗದಲ್ಲಿ ಕ್ಯೂಆರ್ ಕೋಡ್ ಹಿಡಿಯುತ್ತಾರೆ. ‘ಬಂತು’ ಎಂದು ಡಬ್ಬಿಯೇ ಕೂಗಿ ಹೇಳುತ್ತದೆ. ಬೈಗುಳವನ್ನು ಕತ್ತರಿಸಿ ರೀಲ್ ಮಾಡುತ್ತಾರೆ. ಬೈಸಿಕೊಂಡವರೇ ಅದನ್ನು ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ. ನನಗೆ ಬೇಜಾರಿಲ್ಲ. ಆದರೆ ಒಂದು ಹೇಳುತ್ತೇನೆ: ಸೆರಗಿಗೆ ಹಾಕುವವನು ಎದುರಿಗಿದ್ದವಳ ಕಣ್ಣು ನೋಡಲೇಬೇಕಿತ್ತು. ಫೋನಿನವನು ಫೋನನ್ನೇ ನೋಡುತ್ತಾನೆ. ರೇಷ್ಮಾ ಮಾತ್ರ ಈಗಲೂ ಸೆರಗನ್ನೇ ಒಡ್ಡುತ್ತಾಳೆ.

ನಾನು ನಿವೃತ್ತನಾದೆ ಎಂದು ತಿಳಿದ ಮೇಲೆ ಗುರುಪಾದಪ್ಪನವರ ಸಂಘಕ್ಕೆ ನನ್ನ ನೆನಪು ಬಂತು. ಇನ್ನು ಬಯ್ಯಲಾರ ಎಂದು ಖಾತ್ರಿಯಾದವನಿಗೆ ಸನ್ಮಾನ ಮಾಡುವುದು ಸುಲಭ. ಫೋನಿನಲ್ಲಿ, “ಪಂಚೆ ಶಲ್ಯದಾಗೇ ಬರ್ರಿ” ಎಂದರು. ಹೋದೆ. ಹಾರ, ಶಾಲು, ಹಣ್ಣಿನ ಬುಟ್ಟಿ. ಮಾತಾಡಲು ಮೈಕು ಕೊಟ್ಟರು. ಎದುರಿಗೆ ಎಲ್ಲ ಅಧ್ಯಕ್ಷರೂ ಸಾಲಾಗಿ ಕೂತಿದ್ದರು. ಬೈಗುಳಕ್ಕೆ ಅದಕ್ಕಿಂತ ಹದವಾದ ಸಾಲು ನನ್ನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಪಂಚೆಯಲ್ಲಿ ನಿಂತ ಕೊಟ್ರೇಶನ ಬಾಯಿಂದ ‘ಎಲ್ಲರಿಗೂ ಧನ್ಯವಾದಗಳು’ ಬಿಟ್ಟು ಬೇರೆ ಮಾತು ಹೊರಡಲಿಲ್ಲ. ಆಟೋದಲ್ಲಿ ಮನೆಗೆ ಬರುವಾಗ ಗಿರಿಜೆ ಬುಟ್ಟಿಯಲ್ಲಿದ್ದ ಕೊಳೆತ ಸೇಬನ್ನು ಆರಿಸುತ್ತಾ, “ದಾಕ್ಷಾಯಣಮ್ಮ ಬಂದಿದ್ರೆ ಹಿಂಗೆ ಸುಮ್ನೆ ಬರ್ತಿರ್ಲಿಲ್ಲ” ಅಂದಳು.

ಸ್ವಲ್ಪ ದಿನ ಬಿಟ್ಟು ಗುರುಪಾದಪ್ಪನವರು ಮನೆಗೆ ಬಂದರು. ಅಂಗಡಿ ಮಗನ ಕೈಗೆ ಹೋಗಿತ್ತು, ಅಧ್ಯಕ್ಷಗಿರಿ ಬೇರೆಯವರಿಗೆ ಹೋಗುವುದರಲ್ಲಿತ್ತು. ಗಿರಿಜೆ ಕೊಟ್ಟ ಕಾಫಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

“ಅವತ್ತು ನೀವು ಯಾರನ್ನೂ ಬೈಲಿಲ್ಲ” ಅಂದರು. “ನನ್ನನ್ನೂ ಬೈಲಿಲ್ಲ.”

“ಸನ್ಮಾನಕ್ಕೆ ಕರೆದಿದ್ರಿ. ಹೆಂಗೆ ಬಯ್ಯೋದ್ರಿ?”

“ವಾಕಿಂಗಿನಾಗೆ ಅಂತಾರೆ ಕೊಟ್ರೇಶಪ್ಪ. ದಾಕ್ಷಾಯಣಮ್ಮನೂ ಬಿಟ್ಟುಬಿಟ್ಲು, ಗುರುಪಾದಪ್ಪಂದು ಮುಗೀತು ಬಿಡು ಅಂತ.”

ನನಗೆ ನಗು ಬಂತು. ಅವರ ಮುಖ ನೋಡಿ ನಗಲಿಲ್ಲ. “ನಂದೂ ಮುಗೀತ್ರಿ” ಅಂದೆ. “ಈಗ ಬಯ್ಯೋರು ರೇಷ್ಮಾ. ಬರೋ ಭಾನುವಾರ ಹರಿಹರದಾಗೆ ಆಟ ಐತೆ, ಅದೇ ಮಕ್ಕಳ ಶಾಲೆಗೆ. ಬರ್ರಿ. ಮುಂದೇ ಕೂಡ್ರಿ.”

ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಇಸ್ತ್ರಿ ಮಾಡಿದ ಪಂಚೆ, ಅದೇ ದೊಡ್ಡ ಶಾಲು. ನಾನೂ ಗಿರಿಜೆಯೂ ಅವರ ಪಕ್ಕದಲ್ಲೇ ಕೂತೆವು. ವೇದಿಕೆಯ ಮೇಲೆ ಸುಧಾ ಟೀಚರ್ ಒಂದು ಕಡೆ, ರೇಷ್ಮಾ ಒಂದು ಕಡೆ. ಸೆರಗೊಡ್ಡುವ ಹೊತ್ತಿಗೆ ಆಕೆ ನೇರ ಬಂದು ಗುರುಪಾದಪ್ಪನವರ ಮುಂದೆ ನಿಂತಳು.

“ಅಧ್ಯಕ್ಷರೇ, ಹಿಂದೆ ನಮ್ಮ ಕೈಯಿಂದ ಇಸ್ಕಳ್ಳಾಕೆ ನಿಮಗೆ ಬರ್ಲಿಲ್ಲ. ಕೊಡಾಕಾದ್ರೂ ಬರ್ತೈತಾ ನೋಡಾಣ.”

ಗುರುಪಾದಪ್ಪನವರು ಎದ್ದು, ಜೇಬಿನಿಂದ ಕವರ್ ತೆಗೆದು, ಅದರ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದರು. ಆಕೆ ಸೆರಗನ್ನು ಹಿಂದಕ್ಕೆ ಎಳೆದುಕೊಂಡಳು.

“ಸತ್ತ ಇಲೀನ ಬಾಲ ಹಿಡಿದಂಗೆ ಹಿಡೀಬ್ಯಾಡ್ರಿ. ಎರಡೂ ಕೈಯಾಗೆ ಹಿಡೀರಿ. ನನ್ನ ಮುಖ ನೋಡ್ರಿ. ಆಮೇಲೆ ಕೊಡ್ರಿ.”

ಸುಧಾ ಟೀಚರ್ ಮಕ್ಕಳಿಗೆ ಸತ್ತ ಇಲಿಯನ್ನು ತೋರಿಸುತ್ತಿದ್ದರು. ಸಭೆಯೆಲ್ಲ ನಗುತ್ತಿತ್ತು. ಗುರುಪಾದಪ್ಪನವರು ಎರಡೂ ಕೈಯಲ್ಲಿ ಕವರ್ ಹಿಡಿದರು. ತಲೆ ಎತ್ತಲು ತುಸು ಹೊತ್ತು ಬೇಕಾಯಿತು, ಎತ್ತಿದರು, ನೋಡಿದರು, ಕೊಟ್ಟರು. ಕೂತ ಮೇಲೆ ನನ್ನ ಕಡೆ ಬಾಗಿ, “ಬೈದ್ಲು ನೋಡ್ರಿ” ಎಂದರು. ದನಿಯಲ್ಲಿ ಅವಮಾನ ಎಷ್ಟಿತ್ತೋ ಸಮಾಧಾನವೂ ಅಷ್ಟೇ ಇತ್ತು. ನಾನು ಜೋರಾಗಿ ನಕ್ಕೆ.

ರೇಷ್ಮಾ ತಿರುಗಿ ನನ್ನ ಮುಂದೆ ಬಂದು ನಿಂತಳು.

“ಮತ್ತೆ ನೀವ್ಯಾಕ್ರಿ ನಗ್ತೀರಿ, ಕೊಟ್ರೇಶಪ್ಪನೋರೇ?” ಅಂದಳು ಮೆತ್ತಗೆ. “ಸನ್ಮಾನದಾಗೆ ಅಧ್ಯಕ್ಷರೆಲ್ಲ ಎದುರಿಗೇ ಕುಂತಿದ್ರಂತೆ. ಮೈಕೂ ಕೊಟ್ಟಿದ್ರಂತೆ. ಸೀರೆ ಬಿಚ್ಚಿಡೋವಾಗ ಬಾಯಿನೂ ಅದ್ರಾಗೇ ಮಡಚಿಟ್ಟು ಬಂದಿದ್ರೇನ್ರಿ?”

ಸುಧಾ ಟೀಚರ್ ಬಾಯಿಯನ್ನು ಮಡಚಿ ಪೆಟ್ಟಿಗೆಗೆ ಇಡುವುದನ್ನು ಕೈಯಲ್ಲಿ ತೋರಿಸಿದರು. ಮಕ್ಕಳು ನನ್ನನ್ನೇ ನೋಡಿ ನಗತೊಡಗಿದವು. ಪಕ್ಕದಲ್ಲಿ ಗಿರಿಜೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ರೇಷ್ಮಾಳ ಸೆರಗು ನನ್ನ ಮುಂದೆ ಹಾಸಿಕೊಂಡೇ ಇತ್ತು.

ನಾನು ಜೇಬಿಗೆ ಕೈ ಹಾಕಿದೆ.